ಒಂದು ಕಲ್ಲೂ ಸಿಗದ ನಾಡು: ಪಾಪುವಾದ ಜವುಗಿನ ಊರಿನ ಮಾದರಿ ಮಾಡ್ತಿದೀವಿ, ವಿವರ ಬೇಕಿತ್ತು

ಕೋಟೆ ಮೇಷ್ಟ್ರು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ ಮಕ್ಕಳು ವಸ್ತುಪ್ರದರ್ಶನಕ್ಕೆ ಪಾಪುವಾದ ಜವುಗು ನಾಡಿನ ಒಂದು ನದಿ ದಂಡೆಯ ಊರಿನ ಮಾದರಿ ಮಾಡ್ತಿದ್ದಾರೆ. ಆರಿಸಿಕೊಂಡಿರೋದು ಇಂಡೋನೇಷ್ಯಾದ ಅಸ್ಮತ್ ಸೀಮೆ. ಅರಾಫುರ ಸಮುದ್ರದ ಕಡೆ ಇದೆ, ಮುಖ್ಯ ಊರು ಅಗಾಟ್ಸ್. 2002ರಲ್ಲಿ ಮೆರೌಕೆಯಿಂದ ಬೇರ್ಪಟ್ಟು ಜಿಲ್ಲೆಯಾಯ್ತು, 2022ರಿಂದ ದಕ್ಷಿಣ ಪಾಪುವಾ ಪ್ರಾಂತ್ಯಕ್ಕೆ ಸೇರಿದೆ. ಇಷ್ಟು ಮಕ್ಕಳೇ ಹುಡುಕಿದ್ದು.

ನಾಲ್ಕಡಿ ಮೂರಡಿ ಪ್ಲೈವುಡ್ ಹಲಗೆಗೆ ಅಂಚಿನಲ್ಲಿ ತಗಡು ಕಟ್ಟಿ ನೀರು ನಿಲ್ಲಿಸ್ತೀವಿ. ಪೈಪಿನಲ್ಲಿ ನೀರು ಏರಿಸಿ ಇಳಿಸಿ ಉಬ್ಬರ ಇಳಿತ ತೋರಿಸೋ ಯೋಚನೆ. ಅಳತೆ 1:50. ನೋಡೋಕೆ ಬಂದವರು ಕೇಳಿದ್ದಕ್ಕೆ ಮಕ್ಕಳು ಉತ್ತರ ಹೇಳಬೇಕು. ಕಂಬ ಕೆಸರಿನಲ್ಲಿ ಯಾಕೆ ಹೂತುಹೋಗಲ್ಲ? ಸುತ್ತ ನೀರಿದ್ದೂ ಕುಡಿಯೋ ನೀರಿಗೆ ಯಾಕೆ ಪರದಾಟ? ಅವರ ಊಟ 'ಸಾಗೋ' ಅಂತಾರಲ್ಲ, ಅದು ನಮ್ಮ ಸಬ್ಬಕ್ಕಿನೇನಾ? ಹುಡುಗರು ಒಂದು ಎತ್ತರದ ಮರದ ತುದಿಯಲ್ಲಿ ಮನೆ ಬೇರೆ ಕೂರಿಸಿದ್ದಾರೆ, ಇರಲೋ ಬೇಡವೋ?

ಏಳು ಸುತ್ತಿನ ಕಲ್ಲಿನ ಕೋಟೆ ಬುಡದಲ್ಲಿ ಬೆಳೆದ ಮಕ್ಕಳು ಇವರು. ಕಲ್ಲೇ ಇಲ್ಲದ ಊರು ಅಂದ್ರೆ ನಗ್ತಾರೆ.

ತೊಲೆಕಂಬ, ದಾವಣಗೆರೆ

ಸರ್, ಅವರು ನಗೋ ಜಾಗದಿಂದಲೇ ಶುರು ಮಾಡಿ. ದುರ್ಗದಲ್ಲಿ ಪಾಯ ಅಂದ್ರೆ ಅಗೆದು ಗಟ್ಟಿ ಮುಟ್ಟೋದು. ಅಲ್ಲಿ ಇರೋದು ನದಿಗಳು ತಂದು ಹಾಕಿದ ನುಣುಪು ಮಣ್ಣು, ಕೊಳೆತ ಎಲೆ. ಎಷ್ಟು ಇಳಿದ್ರೂ ಗಟ್ಟಿ ಸಿಗಲ್ಲ. ಹಿಂದೆ ಕೊಡಲಿಗೆ ಬೇಕಾದ ಕಲ್ಲು ಕೂಡ ಬೆಟ್ಟದ ಜನರಿಂದ ಕೈಯಿಂದ ಕೈಗೆ ದಾಟಿ, ವಿನಿಮಯದಲ್ಲಿ ಬರ್ತಿತ್ತು.

ಹಾಗಾಗಿ ಅಲ್ಲಿ ಕಂಬ ನಿಲ್ಲೋದು ತುದಿ ಊರಿಕೊಂಡಲ್ಲ. ಕಂಬದ ಮೈಗೆ ಕೆಸರು ಅಂಟಿ ಹಿಡಿಯುತ್ತಲ್ಲ, ಆ ಹಿಡಿತದ ಮೇಲೆ. ಲೆಕ್ಕ ಬೋರ್ಡಿನ ಮೇಲೆ ಬರೆಸಿ. ಮೆತ್ತನೆ ಜೇಡಿಮಣ್ಣಿನ ಹಿಡಿತ ಚದರ ಮೀಟರಿಗೆ ಸುಮಾರು 1 ಟನ್ ಅಂತ ಇಟ್ಟುಕೊಳ್ಳಿ. 15 ಸೆಂ.ಮೀ. ದಪ್ಪದ ಕಂಬದ ಸುತ್ತಳತೆ 0.47 ಮೀಟರ್. 3 ಮೀಟರ್ ಹೂತರೆ ಕೆಸರು ತಾಗೋ ಮೈ 1.4 ಚದರ ಮೀಟರ್, ಅಂದ್ರೆ 1.4 ಟನ್. ಅದನ್ನ ಮೂರರಿಂದ ಭಾಗಿಸಿದ್ರೆ ಧೈರ್ಯವಾಗಿ ಹೊರಿಸಬಹುದಾದ ಭಾರ ಒಂದು ಕಂಬಕ್ಕೆ 470 ಕೆಜಿ ಆಸುಪಾಸು. 6×8 ಮೀಟರಿನ ಮನೆಗೆ ಜನ, ಸಾಮಾನು ಸೇರಿ ಚದರ ಮೀಟರಿಗೆ 250 ಕೆಜಿ ಹಿಡಿದ್ರೆ ಒಟ್ಟು 12 ಟನ್, 26 ಕಂಬ. ಸಾಲು ಸರಿಹೊಂದೋಕೆ 5×6 ಅಂತ 30 ನೆಡಿ, ಅಂತರ ಒಂದೂವರೆ ಮೀಟರ್ ಬರುತ್ತೆ.

ಅದೇ ಕಂಬಗಳ ಮೇಲೆ ನಮ್ಮ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎಬ್ಬಿಸಿದ್ರೆ? ಮೂರು ಮೀಟರ್ ಎತ್ತರದ್ದು ಮೀಟರ್ ಉದ್ದಕ್ಕೇ 1.3 ಟನ್ ತೂಗುತ್ತೆ. ಮೀಟರಿಗೆ ಮೂರು ಕಂಬ ಬೇಕಾಗುತ್ತೆ. ಸಾಗೋ ಅನ್ನೋ ತಾಳೆ ಜಾತಿ ಮರದ ಗರಿಯ ದಿಂಡಿನ ಗೋಡೆ, ಗರಿ ಹೊದಿಕೆ, ಸೀಳಿದ ತೊಗಟೆಯ ನೆಲ, ಬೆತ್ತದ ಕಟ್ಟು: ಇದನ್ನ ಬಡತನ ಅಂತ ಮಕ್ಕಳು ಹೇಳಬಾರದು, ಕೆಸರು ಹೊರೋದು ಅಷ್ಟೇ. ಒಲೆ ಕೂಡ ಅದೇ ನೆಲದ ಮೇಲೆ, ದಪ್ಪಗೆ ಜೇಡಿಮಣ್ಣು ಮೆತ್ತಿದ ಹಾಸಿನಲ್ಲಿ. 'ಜೆಯು' ಅನ್ನೋ ಉದ್ದನೆ ಗಂಡಸರ ಮನೆಯಲ್ಲಿ ಇಂಥ ಒಲೆ ಸಾಲಾಗಿ ಇರುತ್ತೆ, ಒಂದೊಂದು ಮನೆತನಕ್ಕೆ ಒಂದೊಂದು. ಮಾದರಿಯಲ್ಲಿ ಒಂದು ಜೆಯು ಇರಲೇಬೇಕು, ನದಿಗೆ ಮುಖ ಮಾಡಿ.

ಕಂಬ ಇಳಿಸೋದಕ್ಕೆ ಬುಡ ಚೂಪು ಮಾಡಿ, ಇಳಿತದ ಹೊತ್ತಿಗೆ ನಿಲ್ಲಿಸಿ, ಎದೆಮಟ್ಟಕ್ಕೆ ಅಡ್ಡಗೋಲು ಕಟ್ಟಿ ಜನ ಅದರ ಮೇಲೆ ಭಾರ ಬಿಟ್ಟು ಅಲ್ಲಾಡಿಸ್ತಾ ತಿರುಗಿಸ್ತಾ ಹೋಗಬೇಕು. ಅಲ್ಲಾಡಿದಾಗ ಕೆಸರು ಸಡಿಲ ಆಗಿ ಕಂಬ ನುಂಗುತ್ತೆ, ಬಿಟ್ಟು ಕೆಲವು ದಿನ ಕಳೆದ್ರೆ ಬಿಗಿ ಹಿಡಿಯುತ್ತೆ. ಅದೇ ದಿನ ತೊಲೆ ಕೂರಿಸಿದ್ರೆ ಒಂದು ಮೂಲೆ ಇಳಿಯೋದು ಗ್ಯಾರಂಟಿ.

ಕಂಬ ಹಾಳಾಗೋದು ಪೂರ್ತಿ ಕೆಸರಲ್ಲಿರೋ ಕಡೆ ಅಲ್ಲ, ಒಣಗಿರೋ ಕಡೆನೂ ಅಲ್ಲ. ಆಗಾಗ ನೆನೆದು ಆಗಾಗ ಒಣಗೋ ಆ ಮೊಣಕಾಲುದ್ದದ ಪಟ್ಟಿಯಲ್ಲಿ. ಉಪ್ಪುನೀರಿನ ಹಡಗುಹುಳ ಕೊರೆಯೋದೂ ಅಲ್ಲೇ. ಅದಕ್ಕೇ 'ಕಾಯು ಬೆಸಿ', ಅಂದ್ರೆ ಕಬ್ಬಿಣದ ಮರ ಅನ್ನೋ ಗಟ್ಟಿ ಜಾತಿಗೆ ಬೆಲೆ. ಕಂಬ ಸೊರಗಿದ್ರೆ ಹಳೇದನ್ನ ಕೀಳಲ್ಲ, ಮಗ್ಗುಲಲ್ಲೇ ಹೊಸದು ಇಳಿಸಿ ತೊಲೆ ಅದಕ್ಕೆ ಹೊಂದಿಸ್ತಾರೆ. ನಿಮ್ಮ ಮಾದರಿಯಲ್ಲಿ ಒಂದೆರಡು ಜೋಡಿ ಕಂಬ ತೋರಿಸಿ, ಗೊತ್ತಿದ್ದೋರು ಮೆಚ್ಚಿಕೊಳ್ತಾರೆ.

ಉಬ್ಬರ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ ನಾಲ್ಕೈದು ಮೀಟರ್, ನಿಮ್ಮ ಅಳತೆಗೆ 8ರಿಂದ 10 ಸೆಂ.ಮೀ. ಹಾಗಂತ ಮನೆ ಕಂಬ 10 ಸೆಂ.ಮೀ. ಮೇಲೆ ಕಾಣಬೇಕಿಲ್ಲ. ಊರಿನ ಕೆಸರು ದಂಡೆ ನದಿ ತಳಕ್ಕಿಂತ ಮೇಲಿದೆ. ಮಾಮೂಲಿ ದಿನ ಮನೆ ಕೆಳಗೆ ಬರೀ ಕೆಸರು, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನ ಉಬ್ಬರಕ್ಕೆ ನೀರು. ನೆಲ ಕೆಸರಿಂದ 4 ಸೆಂ.ಮೀ. ಎತ್ತರ ಇಡಿ, ಸಾಕು.

ರಸ್ತೆಗೂ ಇದೇ ಕಂಬ, ಮೇಲೆ ಹಲಗೆ. ಅಗಾಟ್ಸ್‌ಗೆ ಹಲಗೆ ಊರು ಅಂತಲೇ ಹೆಸರು. ಈಗ ಮುಖ್ಯ ದಾರಿಗಳಿಗೆ ಕಾಂಕ್ರೀಟ್ ಬಂದಿದೆ, ಆದ್ರೆ ಜಲ್ಲಿ ಹಡಗಿನಲ್ಲಿ ಬರಬೇಕು. ಉಪ್ಪು ತಾಗಿದ ಮರಳು ನೀರಲ್ಲಿ ಕಲಸಿದ್ರೆ, ಕಂಬಿಯ ಮೇಲೆ ಕಾಂಕ್ರೀಟು ತೆಳುವಾದ್ರೆ, ಒಳಗೆ ತುಕ್ಕು ಉಬ್ಬಿ ಸೀಳಿಬಿಡುತ್ತೆ. ಓಡಾಟಕ್ಕೆ ಎಲೆಕ್ಟ್ರಿಕ್ ಸ್ಕೂಟರು. ಕಾರು ಇಟ್ಟಿದ್ರೆ ತೆಗೆಸಿ.

ನೀರಗಂಟಿ, ಹೊಳಲ್ಕೆರೆ

ನೀರಿನ ಪ್ರಶ್ನೆ ನನಗೆ ಬಿಡಿ.

ನದಿ ನೀರು ಉಬ್ಬರ ಬಂದಾಗೆಲ್ಲ ಉಪ್ಪಾಗುತ್ತೆ, ಸಮುದ್ರದ ತಳ್ಳಾಟ ಹತ್ತಾರು ಕಿಲೋಮೀಟರ್ ಒಳಗೂ ತಿಳಿಯುತ್ತೆ. ಬಾವಿ ತೋಡಿದ್ರೆ ಕೊಳೆತ ಎಲೆಯ ಚಹಾ ಬಣ್ಣದ ನೀರು, ಕಬ್ಬಿಣದ ವಾಸನೆ. ಕರಾವಳಿ ಹತ್ತಿರ ಅದೂ ಉಪ್ಪು. ಫಟ್ಕರಿ ಹಾಕಿದ್ರೆ ಮಣ್ಣು ತಳ ಸೇರುತ್ತೆ, ಉಪ್ಪು ಸೇರಲ್ಲ. ಹಾಗಾಗಿ ಕುಡಿಯೋದು ಮಳೆ ನೀರು.

ಮಳೆಗೇನೂ ಬರ ಇಲ್ಲ. ವರ್ಷಕ್ಕೆ 3,000 ಮಿ.ಮೀ. ಅಂತ ಹಿಡಿಯಿರಿ. ತೊಲೆಕಂಬದವರು ಹೇಳಿದ 48 ಚದರ ಮೀಟರಿನ ಮನೆಗೆ ತಗಡಿನ ಚಾವಣಿ ಇದ್ದು ನೂರಕ್ಕೆ 80 ಪಾಲು ಕೈಗೆ ಸಿಕ್ಕರೆ 1,15,200 ಲೀಟರ್, ದಿನಕ್ಕೆ 315. ಅದೇ ಚಾವಣಿ ದುರ್ಗದ 600 ಮಿ.ಮೀ. ಮಳೆಗೆ ಕೊಡೋದು ದಿನಕ್ಕೆ 63. ಐದು ಪಟ್ಟು. ಆದ್ರೂ ಅಲ್ಲಿ ನೀರು ತೀರುತ್ತೆ, ಯಾಕಂದ್ರೆ ಕೂಡಿಡೋ ಜಾಗ ಇಲ್ಲ. ಸಾವಿರ ಲೀಟರಿನ ಟ್ಯಾಂಕು ತುಂಬಿದ್ರೆ ಒಂದು ಟನ್. ಮೇಲಿನ ಲೆಕ್ಕದಲ್ಲೇ ನೋಡಿ, ಆ ಒಂದಕ್ಕೇ ಎರಡು ಮೂರು ಕಂಬ ಬೇರೆ ಹಾಕಬೇಕು. ಮನೆ ತೊಲೆ ಮೇಲೇ ಕೂರಿಸಿದ್ರೆ ಆ ಮೂಲೆ ವಾಲುತ್ತೆ. ಆರು ಜನರ ಮನೆಗೆ ತಲೆಗೆ 20 ಲೀಟರಿನಂತೆ ಅದು ಎಂಟು ದಿನದ ನೀರು. ಮೂರು ವಾರ ಮಳೆ ಕೈಕೊಟ್ಟರೆ ಖಾಲಿ ಡ್ರಮ್ಮು ದೋಣಿಗೆ ಹಾಕ್ಕೊಂಡು ಹೊಳೆಯ ಮೇಲ್ಗಡೆ ಸಿಹಿನೀರು ಹುಡುಕಬೇಕು. ಮಳೆ ಕಮ್ಮಿಯಾಗೋ ಎಲ್ ನಿನೋ ವರ್ಷಗಳಲ್ಲಿ ಉಪ್ಪು ಇನ್ನೂ ಮೇಲಕ್ಕೆ ಹತ್ತುತ್ತೆ, ದೋಣಿ ಇನ್ನೂ ದೂರ ಹೋಗಬೇಕು.

ನಮ್ಮ ಕೋಟೆಯವರು ಬಂಡೆಯನ್ನೇ ಚಾವಣಿ ಮಾಡ್ಕೊಂಡು ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ನೀರು ಇಳಿಸಿದ್ರು. ಅಲ್ಲಿ ಇಳಿಜಾರೂ ಇಲ್ಲ, ಬಂಡೆಯೂ ಇಲ್ಲ. ಇಡೀ ಊರಿನಲ್ಲಿ ಶುದ್ಧವಾದ ಮೇಲ್ಮೈ ಅಂದ್ರೆ ಮನೆ ಮೇಲಿನ ತಗಡೊಂದೇ. ಗರಿ ಹೊದಿಸಿದ ಮನೆಗೆ ಅದೂ ಇಲ್ಲ, ಗರಿ ಮೇಲಿಂದ ಬರೋ ನೀರು ಕಂದು, ಹುಳಹುಪ್ಪಟೆ ಬೇರೆ. ಸಂಸ್ಕೃತಿ ಉಳೀಬೇಕು ಅಂತ ಗರಿ ಚಾವಣಿ ಹೊಗಳೋರು ಈ ಮಾತು ಮರೀತಾರೆ.

ಟ್ಯಾಂಕಿಗೆ ಬಿಡೋ ಮುಂಚೆ ಮೊದಲ ಒಂದು ಮಿ.ಮೀ. ಮಳೆ ಚೆಲ್ಲಬೇಕು, ಆ ಚಾವಣಿಗೆ ಸುಮಾರು 50 ಲೀಟರ್. ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಡ್ಡಾಯ. ಮಲೇರಿಯಾದ ಅನಾಫಿಲಿಸ್ ಜವುಗಿನಲ್ಲಿ ಮರಿ ಮಾಡುತ್ತೆ, ಡೆಂಗ್ಯೂ ತರೋ ಈಡಿಸ್ ಟ್ಯಾಂಕಲ್ಲೇ ಮಾಡುತ್ತೆ. ಜಾಲರಿ ಹರಿದ್ರೆ ಎರಡನೇದನ್ನ ನಾವೇ ಸಾಕಿದಂಗೆ.

ಕೇಳದಿದ್ರೂ ಹೇಳ್ತೀನಿ: ಕಕ್ಕಸು. ಗುಂಡಿ ತೋಡೋಕೆ ನೆಲ ಇಲ್ಲ. ಮನೆ ಹಿಂದಿನ ಹಲಗೆ ಸಂದಿಂದ ನೇರ ಕೆಸರಿಗೆ. ಉಬ್ಬರ ಬಂದು ತೊಳೆಯುತ್ತೆ ಅನ್ನೋದು ಅರ್ಧ ಸತ್ಯ, ಸಣ್ಣ ಉಬ್ಬರದ ವಾರದಲ್ಲಿ ನೀರು ಅಲ್ಲಿಗೆ ಮುಟ್ಟೋದೇ ಇಲ್ಲ. ಮಕ್ಕಳು ಆಡೋದೂ ಅದೇ ಕೆಸರಲ್ಲಿ. ಇದಕ್ಕೆ ಇಂಡೋನೇಷ್ಯಾದ ಗಜಾ ಮಾದಾ ವಿಶ್ವವಿದ್ಯಾಲಯದವರು 'ಟ್ರಿಪಿಕಾನ್' ಅಂತ ಮಾಡಿದ್ರು. ಒಂದರೊಳಗೊಂದು ಮೂರು ಪೈಪು ನೆಟ್ಟಗೆ ನಿಲ್ಲಿಸಿ, ಒಳಗಿನದರಲ್ಲಿ ಇಳಿದದ್ದು ಮುಚ್ಚಿದ ಜಾಗದಲ್ಲೇ ಕೊಳೆತು ತಿಳಿನೀರು ಮಾತ್ರ ಹೊರಬರೋ ಹಾಗೆ. ಮಾದರಿಯಲ್ಲಿ ಒಂದು ಸ್ಟ್ರಾ ತುಂಡು ಸಾಕು ತೋರಿಸೋಕೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಸಾಗೋ ಅಂದ್ರೆ ಸಬ್ಬಕ್ಕಿನೇ ಸರ್. ಒಂದು ಹಿಡಿ ಅಂಟಿಸಿಬಿಡಿ.

ಅಡಿಕೆಹಾಳೆ, ಚನ್ನಗಿರಿ

ಬ್ಯಾಡ ಮೇಷ್ಟ್ರೇ, ಅಂಟಿಸಬ್ಯಾಡಿ! ನಮ್ಮ ಅಂಗಡಿ ಸಬ್ಬಕ್ಕಿ ಮರಗೆಣಸಿಂದು, ಸೇಲಂ ಕಡೆಯಿಂದ ಬರೋದು. ಸಾಗೋ ಅನ್ನೋ ಹೆಸರು ಅದಕ್ಕೆ ಆಮೇಲೆ ಅಂಟಿಕೊಂಡಿದ್ದು. ಪಾಪುವಾದ್ದು ತಾಳೆ ಜಾತಿ ಮರದ ತಿರುಳಿನ ಹಿಟ್ಟು, ಗುಂಡಗೂ ಇರಲ್ಲ. ಒದ್ದೆ ಹಿಟ್ಟಿನ ಗಟ್ಟಿ ಮುದ್ದೆ. ಮಲೆನಾಡಲ್ಲಿ ಕೂವೆ ಗಡ್ಡೆ ತುರಿದು ಹಿಟ್ಟು ಇಳಿಸ್ತಾರಲ್ಲ, ಥೇಟ್ ಅದೇ ಕೆಲಸ, ಗಡ್ಡೆ ಬದಲು ಇಡೀ ಮರ.

ಮರ ಎಂಟರಿಂದ ಹದಿನೈದು ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು ಸಾಯ್ತೈತೆ. ಹೂವಿಗೆ ಅಂತ ಕಾಂಡದಲ್ಲಿ ಹಿಟ್ಟು ಕೂಡಿಟ್ಟಿರ್ತೈತೆ, ಹೂ ಅರಳಿದ್ರೆ ಎಲ್ಲ ಖರ್ಚು. ಅದಕ್ಕೆ ಹೂ ಹೊರಡೋ ಮುಂಚೆನೇ ಕಡೀಬೇಕು. ಸಣ್ಣ ಗಾಯ ಮಾಡಿ ತಿರುಳು ಹಿಸುಕಿ ನೋಡ್ತಾರೆ, ಬೆರಳಿಗೆ ಬಿಳಿ ಹತ್ತಿದ್ರೆ ಸರಿ. ಬುಡದಲ್ಲಿ ಮರಿಗಿಡ ಇರೋದ್ರಿಂದ ಮತ್ತೆ ನೆಡೋ ಗೋಜಿಲ್ಲ. ಒಳ್ಳೆ ಮರ 150ರಿಂದ 300 ಕೆಜಿ ಹಿಟ್ಟು ಕೊಡ್ತೈತೆ, ಕಾಡಿಂದು ಕಮ್ಮಿ.

ಕಡಿಯೋದು ಸಾಮಾನ್ಯವಾಗಿ ಗಂಡಸರು, ಕುಟ್ಟಿ ತೊಳೆಯೋದು ಹೆಂಗಸರು. ಉರುಳಿಸಿದ ಮರದ ಮೇಲ್ಭಾಗದ ತೊಗಟೆ ಸೀಳಿ ತೆಗೆದ್ರೆ ಕೆಳಗಿಂದು ದೋಣಿ ಥರ ಉಳೀತೈತೆ. ಬಾಚಿಯಂಥ ಸಾಧನದಲ್ಲಿ ತಿರುಳನ್ನ ಕೊಚ್ಚಿ ಹುಡಿ ಮಾಡ್ತಾರೆ. ಈಗ ಕೆಲವು ಕಡೆ ಉರುಳೆಗೆ ಮೊಳೆ ಹೊಡೆದ ಪೆಟ್ರೋಲ್ ಯಂತ್ರ ಬಂದೈತೆ. ತೊಳೆಯೋ ದೋಣಿ ಯಾವುದು ಗೊತ್ತಾ? ಅದೇ ಮರದ ಗರಿಯ ಅಗಲ ಬುಡ, ನಮ್ಮ ಅಡಿಕೆ ಹಾಳೆಗೆ ಅಣ್ಣ ಅಂತಿಟ್ಟುಕೊಳ್ಳಿ. ಓರೆಯಾಗಿ ಗೂಟದ ಮೇಲೆ ಕೂರಿಸಿ, ಕೆಳತುದಿಗೆ ತೆಂಗಿನ ನಾರಿನ ಜರಡಿ ಸಿಗಿಸಿ, ಮೇಲಿಂದ ಹುಡಿ ಹಾಕಿ ನೀರು ಹೊಯ್ದು ಹಿಂಡಬೇಕು. ಹಾಲಿನಂಥ ನೀರು ಜರಡಿ ದಾಟಿ ಕೆಳಗಿನ ಹಾಳೆಗೆ ಬೀಳ್ತೈತೆ. ಹಿಂಡಿದ ನೀರು ತಿಳಿಯಾಗೋ ತನಕ ಅದೇ ಹುಡಿ ಮತ್ತೆ ಮತ್ತೆ ಹಿಂಡಬೇಕು, ಬ್ಯಾಸರ ಪಟ್ಟುಕೊಂಡ್ರೆ ಹಿಟ್ಟು ಸಿಪ್ಪೆ ಜೊತೆ ಹೋಗ್ತೈತೆ. ಕೆಲವು ತಾಸು ಬಿಟ್ಟು ಮೇಲಿನ ನೀರು ಬಗ್ಗಿಸಿದ್ರೆ ತಳದಲ್ಲಿ ಗಟ್ಟಿ.

ಕೆಡೋದು ಎಲ್ಲಿ ಅಂದ್ರೆ: ಮರ ಕಡಿದು ಹಂಗೇ ದಿನಗಟ್ಟಲೆ ಬಿಟ್ರೆ ತಿರುಳು ಕೆಂಪಾಗಿ ಹುಳಿ ಬರ್ತೈತೆ. ಜವುಗಿನ ಕಂದು ನೀರಲ್ಲಿ ತೊಳೆದ್ರೆ ಹಿಟ್ಟೂ ಕಂದು. ನೀರು ಬಗ್ಗಿಸೋಕೆ ಅವಸರ ಮಾಡಿದ್ರೆ ನಯವಾದ ಹಿಟ್ಟು ಹರಿದುಹೋಗ್ತೈತೆ, ತಡ ಮಾಡಿದ್ರೆ ಹುಳಿ ವಾಸನೆ. ಸಿಕ್ಕಿದ ಮುದ್ದೆಯಲ್ಲಿ ನೂರಕ್ಕೆ ನಲವತ್ತರ ಹತ್ರ ನೀರೇ ಇರ್ತೈತೆ, ಎಲೆಯಲ್ಲಿ ಸುತ್ತಿಡ್ತಾರೆ. ಮೇಲೆ ಒಣಗಿ ಬಿರುಕು ಬಿಟ್ರೆ ಬೂಷ್ಟು ಒಳಗಿಳೀತೈತೆ.

ತಿನ್ನೋದು ಬೆಂಕಿಯಲ್ಲಿ ಸುಟ್ಟು. ಉಂಡೆ ಸುಟ್ಟು ಹೊರಗಿನ ಗರಿಗರಿ ಪದರ ಕೆರೆದು ತಿಂದು, ಉಳಿದದ್ದನ್ನ ಮತ್ತೆ ಬೆಂಕಿಗೆ. ಪಾಪುವಾದ ಬೇರೆ ಕಡೆ ಕುದಿನೀರು ಹೊಯ್ದು 'ಪಪೇಡ' ಅಂತ ಅಂಟು ಗಂಜಿ ಮಾಡ್ತಾರೆ. ಜೊತೆಗೆ ಮೀನು, ಸೀಗಡಿ, ಏಡಿ.

ಇನ್ನೊಂದು ಹೇಳ್ಲೇಬೇಕು. ಉಳಿದ ಕಾಂಡಕ್ಕೆ ಬೇಕು ಅಂತ್ಲೇ ಗಾಯ ಮಾಡಿ ಬಿಟ್ಟು, ಒಂದೂವರೆ ತಿಂಗಳಾದ ಮೇಲೆ ಬಂದು ಹುಳ ತೆಗೀತಾರೆ. ಹೆಬ್ಬೆರಳು ಗಾತ್ರ, ಕೆನೆ ಬಣ್ಣ, ತಲೆ ಕಂದು. ಹೊಸದುರ್ಗ ಹಿರಿಯೂರಿನ ತೆಂಗಿನ ತೋಟದೋರಿಗೆ ಫೋಟೋ ತೋರಿಸಿ ನೋಡಿ, ಎದೆ ಧಸಕ್ಕಂತೈತೆ. ನಮ್ಮ ತೆಂಗು ಕೊರೆಯೋ ಕೆಂಪು ಮೂತಿ ಹುಳದ ಕುಲದ್ದೇ! ಇಲ್ಲಿ ಔಷಧಿ ಹೊಡೀತೀವಿ, ಅಲ್ಲಿ ಹಬ್ಬದೂಟ. ಹಬ್ಬದೂಟ ಅಂದ್ರೂ ಸುಮ್ಮನೆ ಅಲ್ಲ, ಸಾಗೋದಲ್ಲಿ ಪಿಷ್ಟ ಬಿಟ್ರೆ ಏನೂ ಇಲ್ಲ, ಪ್ರೋಟೀನು ನೂರು ಗ್ರಾಮಿಗೆ ಒಂದು ಗ್ರಾಮೂ ಇಲ್ಲ. ಕೊಬ್ಬು, ಪ್ರೋಟೀನು ಈ ಹುಳದಲ್ಲಿ, ಮೀನಲ್ಲಿ.

ತೊಳೆಯೋ ದೋಣಿಗೆ ನಿಜವಾದ ಅಡಿಕೆ ಹಾಳೆ ಪಟ್ಟಿನೇ ಹಾಕಿ ಮೇಷ್ಟ್ರೇ. ನಾರಿಗೆ ತೆಂಗಿನ ಜಾಲರಿ.

ಲಸಿಕೆಪೆಟ್ಟಿಗೆ, ದಾವಣಗೆರೆ

ಹಾಳೆ ಅಣ್ಣ ಹೇಳಿದ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ಹಾಲು ಬಿಡಿಸಿದ ಮಗುವಿಗೆ ಬರೀ ಸಾಗೋ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. 2017ರ ಕೊನೆ, 2018ರ ಆರಂಭದಲ್ಲಿ ಅಸ್ಮತ್‌ನಲ್ಲಿ ದಡಾರ ಮತ್ತು ಅಪೌಷ್ಟಿಕತೆ ಒಟ್ಟಿಗೆ ಬಂದು ಸುಮಾರು 70 ಮಕ್ಕಳು ತೀರಿಕೊಂಡರು. ದಡಾರ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ತಲುಪಬೇಕು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಪುಡಿಗೆ ದ್ರಾವಣ ಬೆರೆಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು. ದೋಣಿ ತಡವಾದರೆ, ಇಳಿತಕ್ಕೆ ಸಿಕ್ಕಿಬಿದ್ದರೆ, ಪೆಟ್ಟಿಗೆಯ ಐಸ್ ಕರಗುತ್ತದೆ. ತಾಯಂದಿರು ಸಾಗೋ ಕಾಡಿಗೆ ಹೋಗಿದ್ದ ವಾರ ದೋಣಿ ಬಂದರೆ ಊರಿನಲ್ಲಿ ಮಕ್ಕಳೇ ಇರುವುದಿಲ್ಲ, ಅವರೂ ಜೊತೆಗೆ ಹೋಗಿರುತ್ತಾರೆ. ದಡಾರ ಬಂದ ಮಗುವಿಗೆ ವಿಟಮಿನ್ ಎ ಎರಡು ದಿನ ಸತತ ಕೊಡಬೇಕು: ವರ್ಷ ತುಂಬಿದ್ದರೆ ದಿನಕ್ಕೆ 2 ಲಕ್ಷ ಯೂನಿಟ್, 6ರಿಂದ 11 ತಿಂಗಳಿಗೆ 1 ಲಕ್ಷ.

ಮಲೇರಿಯಾ ಬಗ್ಗೆ ಮಕ್ಕಳು ಒಂದು ವಿಷಯ ಹೇಳಲಿ. ಇಂಡೋನೇಷ್ಯಾದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ಪಾಪುವಾದವು. ನಮ್ಮಲ್ಲಿ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದರೆ ಕ್ಲೋರೋಕ್ವಿನ್ ಮಾತ್ರೆ ಕೊಡುತ್ತೇವೆ, ಅಲ್ಲಿ ವೈವಾಕ್ಸೇ ಕ್ಲೋರೋಕ್ವಿನ್‌ಗೆ ಬಗ್ಗುವುದಿಲ್ಲ. ಆರ್ಟಿಮಿಸಿನಿನ್ ಜೋಡಿ ಮಾತ್ರೆ 3 ದಿನ, ಜೊತೆಗೆ ಪ್ರೈಮಾಕ್ವಿನ್ 14 ದಿನ. ತಪ್ಪುವುದು ನಾಲ್ಕನೇ ದಿನ: ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸುತ್ತಾರೆ, ಯಕೃತ್ತಿನಲ್ಲಿ ಅಡಗಿದ್ದು ಕೆಲವು ವಾರಕ್ಕೆ ಮತ್ತೆ ಏಳುತ್ತದೆ. ಕೆಂಪು ರಕ್ತಕಣ ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಯುತ್ತದೆ, ಆದ್ದರಿಂದ ಮೊದಲು ಪರೀಕ್ಷೆ.

ಹರಿಗೋಲು, ಹರಿಹರ

ದೋಣಿ ಬಗ್ಗೆ ಚಿಕ್ಕದಾಗಿ. ಅಲ್ಲಿನ ಮರ ಕೊರೆದ ದೋಣಿಯಲ್ಲಿ ನಿಂತುಕೊಂಡೇ ಹುಟ್ಟು ಹಾಕ್ತಾರೆ, ಹುಟ್ಟು ಆಳಿಗಿಂತ ಉದ್ದ. ಕೂತ ಬೊಂಬೆ ಇಡಬೇಡಿ.

ದೂರಕ್ಕೆ ಔಟ್‌ಬೋರ್ಡ್ ಎಂಜಿನ್. 40 ಎಚ್‌ಪಿಯ ಟೂ-ಸ್ಟ್ರೋಕ್ ಪೂರ್ತಿ ತಿರುವಿದ್ರೆ ಗಂಟೆಗೆ 15 ಲೀಟರಿಗೆ ಕಡಿಮೆ ಕುಡಿಯಲ್ಲ. ಮೂರು ಗಂಟೆ ದೂರದ ಊರಿಗೆ ಹೋಗಿ ಬರೋಕೆ 90 ಲೀಟರ್, ಮೂರರಲ್ಲೊಂದು ಪಾಲು ಹೆಚ್ಚಿಗೆ ಇಟ್ರೆ 120. ಲೀಟರಿಗೆ 20 ಎಂ.ಎಲ್. ಆಯಿಲ್, ಒಟ್ಟು 2.4 ಲೀಟರ್. ಲಸಿಕೆ ಅಕ್ಕ ಹೇಳಿದ ದೋಣಿ ಯಾಕೆ ವಾರ ವಾರ ಹೋಗಲ್ಲ ಅಂದ್ರೆ ಇದೇ, ಪೆಟ್ರೋಲೂ ಹಡಗಿನಲ್ಲೇ ಬರಬೇಕು.

ಎಂಜಿನ್ ತಂಪು ಮಾಡಿ ಪಕ್ಕದಿಂದ ಚಿಮ್ಮೋ ಸಣ್ಣ ನೀರಿನ ಎಳೆ ಮೇಲೆ ಕಣ್ಣಿರಬೇಕು. ಅದು ನಿಂತ್ರೆ ಕೆಸರು ಕಟ್ಟಿದೆ ಅಂತ, ಎರಡು ನಿಮಿಷ ಓಡಿಸಿದ್ರೂ ಪಿಸ್ಟನ್ ಕಚ್ಚುತ್ತೆ. ನೀರೆಳೆಯೋ ರಬ್ಬರ್ ಚಕ್ರ ಕೆಸರಿಗೆ ಬೇಗ ಸವೆಯುತ್ತೆ, ಒಂದು ಜೊತೆಗಿರಬೇಕು. ತೇಲಿ ಬರೋ ದಿಮ್ಮಿಗೆ ಒಂದು ಪ್ರೊಪೆಲ್ಲರ್ ಕೂಡ. ಇಳಿತದಲ್ಲಿ ಹೊಳೆ ಬಾಯಿಯ ಕೆಸರು ದಿಬ್ಬಕ್ಕೆ ಕೂತ್ರೆ ಮುಂದಿನ ಉಬ್ಬರ ಬರೋವರೆಗೂ ಅಲ್ಲೇ. ಇಳಿದು ತಳ್ಳೋಕೆ ಹೋದ್ರೆ ಸೊಂಟದವರೆಗೆ ಹೂತುಹೋಗ್ತಾರೆ, ಉಪ್ಪುನೀರಿನ ಮೊಸಳೆ ಬೇರೆ.

ತೊಲೆಕಂಬ, ದಾವಣಗೆರೆ

ಮರದ ತುದಿ ಮನೆ ಬಿಟ್ಟುಹೋಗಿತ್ತು. ತೆಗೆಸಿ ಸರ್. ಅದು ಅಸ್ಮತ್ ಜನರದ್ದಲ್ಲ, ಒಳನಾಡಿನ ಕೊರೊವಾಯ್ ಜನರದ್ದು. ಅವರ ಮನೆಯೂ ಫೋಟೋದಲ್ಲಿ ಕಾಣೋಷ್ಟು ಎತ್ತರ ಇರಲ್ಲ. ಆ ಗಗನಚುಂಬಿಗಳನ್ನ ಕ್ಯಾಮೆರಾದವರಿಗೆ ಅಂತ ಕಟ್ಟಿಕೊಟ್ಟಿದ್ದು. 2018ರಲ್ಲಿ ಒಂದು ದೊಡ್ಡ ವಿದೇಶಿ ಟಿವಿ ಸಂಸ್ಥೆ ತಾನು ತೋರಿಸಿದ್ದ ಮನೆ ಅವರ ನಿಜವಾದ ವಾಸದ ಮನೆ ಅಲ್ಲ ಅಂತ ಒಪ್ಪಿಕೊಂಡಿತು.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಎಲ್ಲರಿಗೂ ಶರಣು. ಮರದ ಮನೆ ಇವತ್ತೇ ಇಳಿಸಿದ್ರು, ಒಬ್ಬ ಹುಡುಗ ಸ್ವಲ್ಪ ಮುನಿಸಿಕೊಂಡ. ಕೊನೇ ಪ್ರಶ್ನೆ: ಕೆಸರಿಗೆ ಪಿಒಪಿ ಹಾಕಿದ್ವಿ, ಕಂಬ ಚುಚ್ಚಿದ್ರೆ ಒಡೀತಿದೆ. ಏನು ಮಾಡೋಣ?

ತೊಲೆಕಂಬ, ದಾವಣಗೆರೆ

ಪಿಒಪಿ ಅಂದ್ರೆ ಕಲ್ಲೇ ಆಯ್ತಲ್ಲ ಸರ್. ಕೆರೆ ಗೋಡು ತನ್ನಿ. ಒಣಗಿಸಿ ಪುಡಿ ಮಾಡಿ ಹಿಟ್ಟಿನ ಜರಡಿಯಲ್ಲಿ ಸೋಸಿ, ಒಂದು ರಾತ್ರಿ ನೆನೆಸಿ, ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. 7 ಸೆಂ.ಮೀ. ದಪ್ಪ ತುಂಬಿ. ಕಂಬಕ್ಕೆ 3 ಮಿ.ಮೀ. ದಪ್ಪದ ತೆಂಗಿನ ಪೊರಕೆ ಕಡ್ಡಿ, 6 ಸೆಂ.ಮೀ. ಒಳಗೆ ಹೋಗಬೇಕು. ಪ್ಲೈವುಡ್ ತಾಗಿಸಬೇಡಿ, ತಾಗಿದ್ರೆ ಪಾಠವೇ ಸುಳ್ಳು. ನೆಟ್ಟ ದಿನ ಮಕ್ಕಳ ಕೈಲಿ ಒಂದು ಕಡ್ಡಿ ಎಳೆಸಿ, ಎರಡು ದಿನ ಬಿಟ್ಟು ಮತ್ತೊಂದು ಎಳೆಸಿ, ಬಿಗಿ ಎಷ್ಟು ಬದಲಾಗಿದೆ ಅಂತ ಕೈಗೇ ಗೊತ್ತಾಗುತ್ತೆ. ಒಣಗೋಕೆ ಬಿಡಬೇಡಿ, ಒದ್ದೆ ಗೋಣಿ ಮುಚ್ಚಿಡಿ. ನೀರು ಬಿಡೋದು ಮೂರನೇ ದಿನ, ಪೈಪಿನ ಬಾಯಿಗೆ ಸ್ಪಂಜು ಕಟ್ಟಿ. ಇಲ್ಲದಿದ್ರೆ ರಭಸಕ್ಕೆ ಕೆಸರು ಕೊರೆದು ಮೊದಲನೇ ಸಾಲಿನ ಮನೆ ತೇಲಿಬಿಡುತ್ತೆ.